ಮಳೆಯಲ್ಲಿ ಪಂಢರಪುರದ ವಾರಿ: ಒಂಟಿಯಾಗಿ ನಡೆದು ಅರ್ಧಕ್ಕೆ ಮರಳಿದವರಿಗೆ

ಪ್ರಶ್ನೆ: ನಾನು ಧಾರವಾಡದವನು. ವಯಸ್ಸು 61, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಪಂಢರಪುರದ ವಿಠ್ಠಲನಲ್ಲಿಗೆ ವಾರಿ, ಎಂದರೆ ಕಾಲ್ನಡಿಗೆಯ ಯಾತ್ರೆ, ಹೋಗಬೇಕೆಂಬುದು ನನ್ನ ಪತ್ನಿಯ ಬಹುದಿನದ ಆಸೆಯಾಗಿತ್ತು. ಅದು ಈಡೇರುವ ಮೊದಲೇ ಎರಡು ವರ್ಷಗಳ ಹಿಂದೆ ಆಕೆ ತೀರಿಕೊಂಡಳು. ಕಳೆದ ಆಷಾಢದಲ್ಲಿ ಆಕೆಯ ಹೆಸರಿನಲ್ಲಿ ನಾನೇ ಆಳಂದಿಯಿಂದ ಜ್ಞಾನೇಶ್ವರ ಮಹಾರಾಜರ ಪಾದುಕೆಗಳನ್ನು ಒಯ್ಯುವ ಪಾಲಖಿಯ (ಪಲ್ಲಕ್ಕಿಯ) ಜೊತೆ ಹೊರಟೆ. ಹಾಡುತ್ತ ಒಟ್ಟಾಗಿ ನಡೆಯುವ ಗುಂಪುಗಳಾದ ದಿಂಡಿಗಳಲ್ಲಿ ಯಾವುದನ್ನೂ ಸೇರದೆ ರಸ್ತೆಯ ಬದಿಯಲ್ಲಿ ನನ್ನಷ್ಟಕ್ಕೆ ನಡೆದೆ, ರಾತ್ರಿ ಲಾಡ್ಜುಗಳಲ್ಲಿ ಉಳಿದೆ. ದಿವೆ ಘಾಟಿನಲ್ಲಿ ಇಡೀ ದಿನ ಮಳೆ ಸುರಿಯಿತು. ಹಿಮ್ಮಡಿಯಲ್ಲಿ, ಬೆರಳುಗಳಲ್ಲಿ ಬೊಕ್ಕೆ ಎದ್ದವು. ಸುತ್ತಲಿನವರು ಅದೇ ಮಳೆಯಲ್ಲಿ ಕೈ ಕೈ ಹಿಡಿದು ಸುತ್ತುವ ಫುಗಡಿ ಆಡುತ್ತ, ಹಾಡುತ್ತ ನಡೆಯುತ್ತಿದ್ದರು. ನನಗೆ ಮಾತ್ರ ಲಕ್ಷ ಜನರ ನಡುವೆ ಯಾರೂ ಇಲ್ಲವೆನ್ನಿಸಿತು. ಸಾಸವಡದಿಂದ ಬಸ್ಸು ಹತ್ತಿ ಮನೆಗೆ ಬಂದೆ. ನನ್ನ ಅಣ್ಣ “ಭಕ್ತಿ ಸಾಲಲಿಲ್ಲ” ಎಂದರು. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಗುಳಿಗೆ ತೆಗೆದುಕೊಳ್ಳುತ್ತೇನೆ. ಮರಾಠಿ ಅರ್ಥವಾಗುತ್ತದೆ, ಮಾತನಾಡಲು ತಡವರಿಸುತ್ತೇನೆ. ಈ ಸಲ ಮತ್ತೆ ಹೋಗಬೇಕೆಂದರೆ ಮಗಳು ಬೇಡವೆನ್ನುತ್ತಾಳೆ. ಮಳೆಯಲ್ಲಿ ಅಷ್ಟು ದೂರ ನಡೆಯುವುದು ನನ್ನಂಥವರಿಗೆ ಸುರಕ್ಷಿತವೇ? ಉಳಿದವರಿಗೆ ಸಿಕ್ಕ ಸಂತೋಷ ನನಗೇಕೆ ಸಿಗಲಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಕಾಲಿನ ಮಾತು, ಕಾಯಿಲೆಯ ಮಾತು ಮತ್ತು ಒಂಟಿತನದ ಮಾತು ಬೇರೆ ಬೇರೆಯಾಗಿ ಬಂದಿವೆ. ವೃತ್ತಿಯಿಂದ ವೈದ್ಯನಾಗಿದ್ದು, ಆಷಾಢದಲ್ಲಿ ಬೆಳಗಾವಿ ಕಡೆಯ ದಿಂಡಿಯೊಂದರ ಜೊತೆ ಔಷಧದ ಪೆಟ್ಟಿಗೆ ಹೊತ್ತು ನಡೆಯುವ ನನಗೆ ಈ ಮೂರಕ್ಕೂ ಕಾರಣ ಒಂದೇ ಎಂದು ತೋರುತ್ತದೆ. ನೀವು ವಾರಿಯಲ್ಲಿದ್ದಿರಿ, ಆದರೆ ದಿಂಡಿಯ ಹೊರಗಿದ್ದಿರಿ. ಯಾವಾಗ ಕೂರಬೇಕು, ಎಲ್ಲಿ ಉಣ್ಣಬೇಕು, ನೆನೆದ ಬಟ್ಟೆಯನ್ನು ಎಲ್ಲಿ ಬದಲಿಸಬೇಕು, ಕಾಲು ನೋಯುತ್ತಿದೆಯೆಂದು ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ನೀವೊಬ್ಬರೇ ನಿರ್ಧರಿಸಬೇಕಾಯಿತು. ದಿಂಡಿಯಲ್ಲಿರುವವರಿಗೆ ಈ ಭಾರವಿಲ್ಲ. ಅವರ ಸಂತೋಷದಲ್ಲಿ ಭಕ್ತಿಯ ಪಾಲು ಎಷ್ಟೆಂದು ನಾನು ಹೇಳಲಾರೆ. ವ್ಯವಸ್ಥೆಯ ಪಾಲು ದೊಡ್ಡದು ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಮೊದಲು ನಿಮ್ಮ ಅಣ್ಣನವರ ಮಾತನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬೊಕ್ಕೆಗಿಂತ ಹೆಚ್ಚು ನೋಯಿಸಿದ್ದು ಅದೇ ಇರಬೇಕು. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ಪಾಲಖಿ ಜ್ಯೇಷ್ಠ ಬಹುಳ ಅಷ್ಟಮಿಯಂದು ಹೊರಟು ಆಷಾಢ ಶುದ್ಧ ದಶಮಿಗೆ ಪಂಢರಪುರ ಮುಟ್ಟುತ್ತದೆ. ಈ ದೂರವನ್ನು ದಿನಗಳಿಗೆ ಭಾಗಿಸಿ ‘ದಿನಕ್ಕೆ ಹದಿನೈದು ಕಿಲೋಮೀಟರೂ ಆಗುವುದಿಲ್ಲ’ ಎಂದುಕೊಂಡು ಹೊರಡುವವರು ಬಹಳ. ಆದರೆ ದಾರಿ ಹಾಗೆ ಸಮನಾಗಿ ಹಂಚಿಹೋಗಿಲ್ಲ. ಆಳಂದಿಯಿಂದ ಪುಣೆ, ಪುಣೆಯಿಂದ ಸಾಸವಡ ಎಂಬ ಆರಂಭದ ಎರಡು ದೊಡ್ಡ ನಡಿಗೆಗಳು ತಲಾ 30 ಕಿ.ಮೀ.ಗಳ ಆಸುಪಾಸಿನಲ್ಲಿವೆ. ಎರಡನೆಯದರಲ್ಲಿ ದಿವೆ ಘಾಟಿನ ಏರೂ ಸೇರುತ್ತದೆ. ಆ ನಡಿಗೆ ಸಾಮಾನ್ಯವಾಗಿ ಬೀಳುವುದು ಜ್ಯೇಷ್ಠ ಬಹುಳ ಏಕಾದಶಿಯಂದು, ಎಂದರೆ ಉಪವಾಸದ ದಿನ. ಅತಿ ಉದ್ದದ ದಾರಿ, ಏರು, ಮಳೆ, ಖಾಲಿ ಹೊಟ್ಟೆ ಇವು ನಾಲ್ಕೂ ಒಂದೇ ದಿನ ಕೂಡಿ ಬರುವಾಗ, ಅಭ್ಯಾಸವಿಲ್ಲದ 61ರ ದೇಹ ಸೋಲುವುದು ಸಹಜ. ಸಾಸವಡದಲ್ಲಿ ಪಾಲಖಿ ಎರಡು ರಾತ್ರಿ ತಂಗುತ್ತದೆ. ಅಲ್ಲಿಂದ ಜೇಜುರಿ, ಜೇಜುರಿಯಿಂದ ವಾಲ್ಹೆ ಎರಡೂ ಮೊದಲಿನ ನಡಿಗೆಗಳಿಗೆ ಹೋಲಿಸಿದರೆ ಅರ್ಧದಷ್ಟೇ. ನೀವು ಅತಿ ಕಠಿಣವಾದ ಭಾಗವನ್ನು ನಡೆದು ಮುಗಿಸಿ, ವಿಶ್ರಾಂತಿಯ ದಿನ ಬರುವ ಹೊತ್ತಿಗೆ ಬಸ್ಸು ಹತ್ತಿದ್ದೀರಿ. ಇದನ್ನು ನಿಮ್ಮ ಅಣ್ಣನವರಿಗೂ ತಿಳಿಸಬಹುದು.

ಇನ್ನು ಕಾಲಿನ ವಿಷಯ. ಮಳೆಯಲ್ಲಿ ಬೊಕ್ಕೆ ಏಳುವುದಕ್ಕೆ ದೂರಕ್ಕಿಂತ ತೇವವೇ ಹೆಚ್ಚು ಕಾರಣ. ಗಂಟೆಗಟ್ಟಲೆ ನೆನೆದ ಪಾದದ ಚರ್ಮ ನೀರು ಹೀರಿ ಊದಿ, ಬೆಳ್ಳಗಾಗಿ, ಬಟ್ಟೆ ಒಗೆದ ಕೈಯಂತೆ ಸುಕ್ಕುಗಟ್ಟುತ್ತದೆ. ಒಣ ಚರ್ಮ ಚಪ್ಪಲಿಯ ಪಟ್ಟಿಯ ಮೇಲೆ ಸುಲಭವಾಗಿ ಜಾರುತ್ತದೆ. ನೆನೆದ ಚರ್ಮ ಅಂಟಿಕೊಂಡು ಜಗ್ಗುತ್ತದೆ. ಹೀಗೆ ಸಾವಿರಾರು ಹೆಜ್ಜೆ ಜಗ್ಗಿದಾಗ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಆದ್ದರಿಂದ ಹಗಲೆಲ್ಲ ಪಾದವನ್ನು ಒಣಗಿಸಿಡುವ ಹಟ ಬೇಡ, ಸುರಿಯುವ ಮಳೆಯಲ್ಲಿ ಅದು ಆಗದ ಕೆಲಸ. ಹೊರಡುವ ಮೊದಲು ಹಿಮ್ಮಡಿಗೂ ಬೆರಳುಗಳಿಗೂ ತೆಳ್ಳಗೆ ವ್ಯಾಸಲೀನ್ ಸವರಿಕೊಳ್ಳಿ, ದಿಂಡಿ ಕುಳಿತಾಗಲೆಲ್ಲ ಚಪ್ಪಲಿ ಕಳಚಿ ಗಾಳಿಗೆ ಒಡ್ಡಿರಿ, ಮತ್ತು ರಾತ್ರಿ ಏನೇ ಆದರೂ ಆರೇಳು ಗಂಟೆ ಪಾದ ಸಂಪೂರ್ಣ ಒಣಗಿರುವಂತೆ ನೋಡಿಕೊಳ್ಳಿ. ತೊಳೆದು, ಬೆರಳ ಸಂದುಗಳನ್ನು ಹಳೆಯ ಹತ್ತಿ ಬಟ್ಟೆಯಿಂದ ಒಂದೊಂದಾಗಿ ಒರೆಸಿ, ಒಣ ಕಾಲುಚೀಲ ಹಾಕಿ ಮಲಗುವುದು ವಾರಿಯ ದಾರಿಯಲ್ಲಿ ನಾನು ಕಂಡ ಅತ್ಯುತ್ತಮ ಚಿಕಿತ್ಸೆ. ಸಂದುಗಳಲ್ಲಿ ಕಡಿತ, ಬಿರುಕು, ವಾಸನೆ ಕಾಣಿಸಿದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಮುಲಾಮು ಬೇಕು, ಅರಿಸಿನ ಸಾಲದು.

ಬೊಕ್ಕೆಗೆ ಸೂಜಿಯಿಂದ ದಾರ ಪೋಣಿಸಿ ಬಿಡುವ ಪದ್ಧತಿ ವಾರಿ ನಡೆಯುವ ವಾರಕರಿಗಳಲ್ಲಿದೆ. ನೀರು ಇಳಿಯುತ್ತದೆ, ನೋವೂ ಇಳಿಯುತ್ತದೆ, ಅದು ನಿಜ; ಆದರೆ ಆ ದಾರದ ಗುಂಟ ಕೆಸರಿನ ನೀರು ಒಳಕ್ಕೂ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಮಾಡಿಸಿಕೊಳ್ಳಲೇಬಾರದು. ಸಣ್ಣ ಬೊಕ್ಕೆಯನ್ನು ಮುಟ್ಟದೆ ಪಟ್ಟಿ ಹಾಕಿ ಮುಚ್ಚಿ. ದೊಡ್ಡದಾದರೆ ದಾರಿಯಲ್ಲಿ ಅಲ್ಲಲ್ಲಿ ಇರುವ ಆರೋಗ್ಯ ಕೇಂದ್ರಗಳಲ್ಲಿ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿಸಿಕೊಂಡು, ಮೇಲಿನ ಚರ್ಮವನ್ನು ಹಾಗೇ ಉಳಿಸಿ ಕಟ್ಟಿಸಿಕೊಳ್ಳಿ.

ಬರಿಗಾಲಲ್ಲೇ ನಡೆಯಬೇಕೆಂಬ ನಿಯಮ ವಾರಿಯಲ್ಲಿ ಇಲ್ಲ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿದ್ದಾರೆ, ರಬ್ಬರ್ ಚಪ್ಪಲಿಯವರಿದ್ದಾರೆ, ಬೂಟು ಹಾಕಿದವರೂ ಇದ್ದಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ನಿಮಗೆ ನಾನು ಬರಿಗಾಲನ್ನು ಒಪ್ಪುವುದಿಲ್ಲ. ಒಂಬತ್ತು ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ನಿಮಗರಿವಿಲ್ಲದೆ ಕುಂದಿರಬಹುದು, ಮತ್ತು ಸ್ಪರ್ಶ ಕುಂದಿದ ಕಾಲಿಗೆ ಮುಳ್ಳು ನಟ್ಟರೂ ಸಂಜೆ ರಕ್ತ ಕಂಡಾಗಲೇ ಗೊತ್ತಾಗುವುದು. ಹೊರಡುವ ತಿಂಗಳ ಮೊದಲೇ ವೈದ್ಯರಲ್ಲಿ ನೈಲಾನ್ ಎಳೆಯ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಿ. ಐದು ನಿಮಿಷದ ಕೆಲಸ. ಸ್ಪರ್ಶ ಕುಂದಿದೆಯೆಂದು ತಿಳಿದರೆ ಪೂರ್ತಿ ವಾರಿಯ ಯೋಚನೆಯನ್ನು ಬಿಡಿ. ಸರಿಯಿದ್ದರೆ, ಮುಂಭಾಗ ಮುಚ್ಚಿದ, ನೀರು ಹರಿದು ಹೋಗುವ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಕೊಂಡು ಈಗಿನಿಂದಲೇ ಬಳಸಿ ಹಳತು ಮಾಡಿ. ಹೆಬ್ಬೆರಳ ಸಂದಿಗೆ ಉಂಗುಟ ಬರುವ ತೊಗಲಿನ ಚಪ್ಪಲಿ ನೆನೆದರೆ ಊದಿ, ಆ ಸಂದಿಯನ್ನೇ ಕೊಯ್ಯುತ್ತದೆ.

ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆಂಬ ಮಾತನ್ನು ನಿಮ್ಮ ಮಗಳೂ ಹೇಳಿರಬಹುದು. ನೆಗಡಿ, ಜ್ವರ ತರುವುದು ವೈರಾಣು. ಅದು ಒಂದೇ ರಾಹುಟಿಯಲ್ಲಿ ಒತ್ತೊತ್ತಾಗಿ ಮಲಗುವುದರಿಂದ ಹರಡುತ್ತದೆ. ಮಳೆ ನೇರವಾಗಿ ತರುವ ಅಪಾಯಗಳು ಬೇರೆ ಇವೆ. ಒಡೆದ ಪಾದದಿಂದ ನಿಂತ ನೀರಿನಲ್ಲಿ ನಡೆದಾಗ ಇಲಿ ಜ್ವರದ ಸೋಂಕು ತಗಲಬಹುದು. ಅದು ಸಾಮಾನ್ಯವಾಗಿ ಒಂದೆರಡು ವಾರಗಳ ನಂತರ ಜ್ವರ, ಮೀನಖಂಡದ ವಿಪರೀತ ನೋವು, ಕೆಂಗಣ್ಣುಗಳೊಂದಿಗೆ ತೋರುತ್ತದೆ. ಎಂದರೆ ಮನೆಗೆ ಮರಳಿದ ಮೇಲೆ ಜ್ವರ ಬಂದರೂ ‘ವಾರಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಮುಂಜಾಗ್ರತೆಯ ಗುಳಿಗೆ ಬೇಕೇ ಬೇಡವೇ ಎಂಬುದನ್ನೂ ಅವರೇ ನಿರ್ಧರಿಸಲಿ. ವಾಂತಿಭೇದಿಗೆ ಮಾತ್ರ ಎಲ್ಲರೂ ಸಿದ್ಧರಿರಬೇಕು: ಟ್ಯಾಂಕರಿನ ನೀರನ್ನು ಕ್ಲೋರಿನ್ ಹಾಕದೆ ಕುಡಿಯಬೇಡಿ, ಓಆರ್‌ಎಸ್ ಪೊಟ್ಟಣಗಳು ಜೊತೆಗಿರಲಿ. ಗುಡುಗು ಸಿಡಿಲಿದ್ದಾಗ ಬಯಲಿನ ಒಂಟಿ ಮರದ ಕೆಳಗೆ ನಿಲ್ಲಬಾರದೆಂದು ಹೇಳಬೇಕಾಗಿಲ್ಲ, ಆದರೂ ಪ್ರತಿವರ್ಷ ನಿಲ್ಲುವವರನ್ನು ನೋಡುತ್ತೇನೆ.

ಇಲ್ಲಿ ಹೊಸಬರು ಗಮನಿಸದ ಒಂದು ಸಂಗತಿಯಿದೆ. ಪಾಲಖಿ ನೀರಾ ನದಿ ದಾಟಿ ಲೋಣಂದ, ಫಲಟಣ ಹಾದು ಸೊಲ್ಲಾಪುರ ಜಿಲ್ಲೆಯ ನಾತೇಪುತೆ, ಮಾಳಶಿರಸಗಳ ಕಡೆ ಹೋಗುತ್ತಿದ್ದಂತೆ ಮಳೆ ನೆರಳಿನ ಪ್ರದೇಶ ಶುರುವಾಗುತ್ತದೆ. ಪುಣೆಯಲ್ಲಿ ಮೂರು ದಿನ ನೆನೆದವರು ಅಲ್ಲಿ ಬಿಸಿಲಿಗೆ ಒಣಗುತ್ತಾರೆ. ಮಳೆಗೆ ಮಾತ್ರ ಸಿದ್ಧರಾಗಿ ಬಂದವರು ದಣಿಯುವುದು, ತಲೆ ಸುತ್ತಿ ಬೀಳುವುದು ಬಹುಮಟ್ಟಿಗೆ ಈ ಎರಡನೆಯ ಭಾಗದಲ್ಲಿ. ಅಲ್ಲೇ ಮಳೆ ಬಂದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಕಿಲೋ ತೂಗುವಂತಾಗುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ಕೊಂಡು ದಿನಾ ನುಂಗುವ ಅಭ್ಯಾಸ ಈ ಬಿಸಿಲಿನಲ್ಲಿ ಮೂತ್ರಪಿಂಡಕ್ಕೆ ಕೆಟ್ಟದು, ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರಿಗೆ ಇನ್ನೂ ಕೆಟ್ಟದು. ಪ್ಯಾರಾಸಿಟಮಾಲ್ ಸಾಕು.

ನಿಮ್ಮ ಸಕ್ಕರೆ ಗುಳಿಗೆಯ ಹೆಸರನ್ನು ನೀವು ಬರೆದಿಲ್ಲ. ಬರೆದಿದ್ದರೆ ಉತ್ತರ ಚಿಕ್ಕದಾಗುತ್ತಿತ್ತು. ಬರೀ ಮೆಟ್‌ಫಾರ್ಮಿನ್ ಆದರೆ ನಡಿಗೆಯಿಂದ ಸಕ್ಕರೆ ಅಪಾಯಕಾರಿಯಾಗಿ ಇಳಿಯುವ ಸಂಭವ ಕಡಿಮೆ. ಗ್ಲಿಮೆಪಿರೈಡ್ ಗುಂಪಿನದಾದರೆ ದಿನವಿಡೀ ನಡೆಯುವಾಗ, ಅದರಲ್ಲೂ ಏಕಾದಶಿಯ ಉಪವಾಸದಲ್ಲಿ, ಸಕ್ಕರೆ ಕುಸಿದು ಬೆವರಿ ನಡುಗಿ ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್‌ನಂಥದಾದರೆ ಉಪವಾಸವೂ ನೀರಿನ ಕೊರತೆಯೂ ಸೇರಿದಾಗ ಬೇರೆಯೇ ತೊಡಕು ಹುಟ್ಟಬಹುದು. ಆದ್ದರಿಂದ ವಾರಿಯ ದಿನಗಳಿಗೆ ಪ್ರಮಾಣವನ್ನು ಹೇಗೆ ಬದಲಿಸಬೇಕೆಂದು ನಿಮ್ಮ ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಏಕಾದಶಿಯಂದು ನೀರೂ ಮುಟ್ಟದ ಉಪವಾಸ ನಿಮಗೆ ಬೇಡ. ಬಾಳೆಹಣ್ಣು, ಶೇಂಗಾ, ಸಾಬೂದಾಣಿ ಖಿಚಡಿಗಳನ್ನು ವಾರಕರಿಗಳೇ ದಾರಿಯುದ್ದಕ್ಕೂ ಹಂಚುತ್ತಾರೆ. ಜೇಬಿನಲ್ಲಿ ಬೆಲ್ಲದ ತುಂಡುಗಳಿರಲಿ, ಮತ್ತು ನಿಮಗೆ ಸಕ್ಕರೆ ಕಾಯಿಲೆಯಿದೆಯೆಂದು ಅಕ್ಕಪಕ್ಕ ನಡೆಯುವ ಇಬ್ಬರಿಗಾದರೂ ಗೊತ್ತಿರಲಿ. ಒಬ್ಬರೇ ನಡೆದರೆ ಈ ಕೊನೆಯ ಸಲಹೆಯನ್ನು ಪಾಲಿಸುವುದೇ ಸಾಧ್ಯವಿಲ್ಲ.

ಈಗ ಸಂತೋಷದ ಪ್ರಶ್ನೆಗೆ ಬರುತ್ತೇನೆ. ದಿಂಡಿಯೆಂದರೆ ಸಾಲುಗಟ್ಟಿದ ಗುಂಪು: ಮುಂದೆ ಕೇಸರಿ ಪತಾಕೆಗಳು, ನಂತರ ತಾಳದವರು, ಅವರ ನಡುವೆ ಮೃದಂಗ, ಆಮೇಲೆ ವೀಣೆ ಹಿಡಿದವರು, ಹಿಂದೆ ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಹೆಂಗಸರು. ಪ್ರತಿ ದಿಂಡಿಗೂ ಸಂಖ್ಯೆಯಿದೆ. ಪಾದುಕೆಗಳಿರುವ ಬೆಳ್ಳಿ ರಥದ ಮುಂದೆ 27, ಹಿಂದೆ ನೂರಾರು. ಜ್ಞಾನೇಶ್ವರರ ಪಾಲಖಿಗೆ ಈ ಸೇನೆಯಂಥ ಶಿಸ್ತನ್ನು ಕೊಟ್ಟವರು 19ನೆಯ ಶತಮಾನದ ಮೊದಲ ಭಾಗದಲ್ಲಿದ್ದ ಹೈಬತಬಾಬಾ ಆರ್ಫಳಕರರೆಂದು ಸಂಪ್ರದಾಯ ನೆನೆಯುತ್ತದೆ. ಅವರು ಶಿಂದೆ ಸರದಾರರ ಸೇವೆಯಲ್ಲಿದ್ದವರು. ಈ ಸಾಲಿನೊಳಗೆ ನಿಂತವರ ಹೆಜ್ಜೆ ತಾಳಕ್ಕೆ ಕೂಡುತ್ತದೆ, ಉಸಿರು ಹಾಡಿಗೆ ಕೂಡುತ್ತದೆ, ವೇಗ ಅತಿ ನಿಧಾನದವರಿಗೆ ಹೊಂದುವಂತೆ ಇರುತ್ತದೆ. ಒಟ್ಟಾಗಿ ಒಂದೇ ಲಯದಲ್ಲಿ ದುಡಿಯುವವರು ಒಬ್ಬೊಬ್ಬರೇ ದುಡಿಯುವವರಿಗಿಂತ ಹೆಚ್ಚು ನೋವು ತಡೆದುಕೊಳ್ಳುತ್ತಾರೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನವೂ ತೋರಿಸಿದೆ. ದಿವೆ ಘಾಟಿನಲ್ಲಿ ನೀವು ಕಂಡ ನಗುಮುಖಗಳ ಕಾಲಿನಲ್ಲೂ ಬೊಕ್ಕೆಗಳಿದ್ದವು. ಸಂಜೆ ಅವುಗಳಿಗೆ ಪಟ್ಟಿ ಕಟ್ಟುವವರು ನಾವೇ ಆದ್ದರಿಂದ ಇದು ನನಗೆ ಗೊತ್ತು.

ಒಂದು ಮಳೆಗಾಲದ ಮಧ್ಯಾಹ್ನ, ಘಾಟಿನ ನಡುತಿರುವಿನಲ್ಲಿ, ವಯಸ್ಸಾದ ಹೆಂಗಸೊಬ್ಬರ ಕಾಲಿನಿಂದ ರಕ್ತ ಸೋರುತ್ತಿರುವುದನ್ನು ಕಂಡು ಕುಳಿತುಕೊಳ್ಳಲು ಹೇಳಿದೆ. ಅವರು ಕೂರಲಿಲ್ಲ. ತಲೆಯ ಮೇಲೆ ಹಿತ್ತಾಳೆಯ ವೃಂದಾವನವಿತ್ತು, ಅದರ ತುಳಸಿಗೆ ಮಳೆ ಹೊಡೆಯದಂತೆ ಪ್ಲಾಸ್ಟಿಕ್ ಹಾಳೆಯನ್ನು ಕೊಪ್ಪೆಯಾಗಿ ಕಟ್ಟಿದ್ದರು; ತಾವು ಮಾತ್ರ ತೊಯ್ದು ತೊಪ್ಪೆಯಾಗಿದ್ದರು. ಹಿಂದಿನ ಸಾಲಿನಿಂದ ಇನ್ನೊಬ್ಬರು ಬಂದು, ಏನೂ ಮಾತನಾಡದೆ ಸೆರಗನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ವೃಂದಾವನವನ್ನು ಇಳಿಸಿಕೊಂಡರು. ಆಮೇಲೆ ಅಜ್ಜಿ ರಸ್ತೆಯ ಕಲ್ಲಿನ ಮೇಲೆ ಕುಳಿತು ಕಾಲು ಚಾಚಿ, “ಲಗೂನ ಕಟ್ರಿ ಮಾವುಲಿ, ಮುಂದಿನ ಪಾಳಿ ನಂದೈತಿ” ಎಂದರು. ಪಟ್ಟಿ ಕಟ್ಟಿದ ಮೇಲೆ ನಡೆಯಲು ಅವರಿಗೆ ಕಾರಣವೊಂದು ಇತ್ತು, ತಡವಾದರೆ ತಿರುಗಿ ನೋಡುವವರೂ ಇದ್ದರು. ಆ ದಿನ ಅದೇ ತಿರುವಿನಲ್ಲಿ ಒಬ್ಬರೇ ಬಂದಿದ್ದ ಗಟ್ಟಿಮುಟ್ಟಾದ ತರುಣರು ಇದಕ್ಕಿಂತ ಸಣ್ಣ ಗಾಯಕ್ಕೆ ಜೀಪು ಹತ್ತಿ ಹೋದರು.

ಆದ್ದರಿಂದ ನಿಮಗೆ ನನ್ನ ಮುಖ್ಯ ಸಲಹೆ: ದಿಂಡಿ ಸೇರಿರಿ, ಸೇರಿ ಒಂದು ಕೆಲಸ ಹಿಡಿಯಿರಿ. ವಂತಿಗೆಯ ಲೆಕ್ಕ, ಕಿರಾಣಿಯ ಚೀಟಿ, ಟ್ರಕ್ಕಿನವರ ಬಾಡಿಗೆ ಇವೆಲ್ಲ ಬಹಳ ದಿಂಡಿಗಳಲ್ಲಿ ಗೋಜಲಾಗಿರುತ್ತವೆ. ಬ್ಯಾಂಕಿನಲ್ಲಿ ಜೀವಮಾನ ಕಳೆದವರನ್ನು ಅವರು ಕೈಬಿಡುವುದಿಲ್ಲ. ರಾತ್ರಿ ದೀಪದ ಕೆಳಗೆ ಲೆಕ್ಕ ಬರೆಯಲು ಕುಳಿತವರ ಬಳಿ ಹತ್ತು ಜನ ತಾವಾಗಿ ಬಂದು ಕೂರುತ್ತಾರೆ. ಗೆಳೆತನವನ್ನು ನೇರವಾಗಿ ಹುಡುಕುವುದು ನಮ್ಮ ವಯಸ್ಸಿನಲ್ಲಿ ಸಂಕೋಚದ ಕೆಲಸ. ಕೆಲಸದ ನೆಪದಲ್ಲಿ ಅದು ಬೇಗ ಬರುತ್ತದೆ.

ಹಾಗೆಂದು ದಿಂಡಿಯನ್ನು ಸ್ವರ್ಗವೆಂದು ಬಣ್ಣಿಸಲಾರೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಒಂದು ದಿಂಡಿಯ ಜೊತೆ ನಡೆದಾಗ, ಹಗಲೆಲ್ಲ ಒಂದಾಗಿ ಹಾಡಿದ ಬ್ರಾಹ್ಮಣರೂ ಮರಾಠರೂ ಊಟಕ್ಕೆ ಬೇರೆ ಬೇರೆಯಾಗಿ ಕೂರುವುದನ್ನು ಕಂಡು ನೊಂದು ಬರೆದಿದ್ದಾರೆ. ಕಾಲ ಬದಲಾಗಿದೆ, ಪೂರ್ತಿ ಬದಲಾಗಿದೆಯೆಂದು ಹೇಳಲಾಗದು. ಜಾಗಕ್ಕೆ, ನೀರಿಗೆ, ಗೊರಕೆಗೆ ಜಗಳಗಳೂ ನಡೆಯುತ್ತವೆ. ವಾರಿಯ ಜಾಣತನವೆಂದರೆ ಅದು ಜಗಳಕ್ಕೂ ಒಂದು ಜಾಗ ಕೊಟ್ಟಿದೆ. ಸಂಜೆ ಬಿಡಾರದಲ್ಲಿ ಎಲ್ಲ ದಿಂಡಿಗಳು ಪಾಲಖಿಯ ಸುತ್ತ ನಿಂತು ಸಮಾಜ ಆರತಿಗೆ ಸೇರುತ್ತವೆ. ಪಾಲಖಿಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಕೋಲೆತ್ತಿದೊಡನೆ ಸಾವಿರಾರು ತಾಳಗಳು ಒಮ್ಮೆಲೇ ನಿಲ್ಲುತ್ತವೆ. ದೂರು ಹೇಳಬೇಕಾದ ದಿಂಡಿ ಮಾತ್ರ ತಾಳ ಬಾರಿಸುತ್ತಲೇ ಇರುತ್ತದೆ. ಚೋಪದಾರರು ಅಲ್ಲಿಗೆ ಹೋಗಿ ಕೇಳುತ್ತಾರೆ, ಬಗೆಹರಿಸುತ್ತಾರೆ. ಕಳೆದ, ಸಿಕ್ಕ ವಸ್ತುಗಳ ಹೆಸರುಗಳನ್ನೂ ಅಲ್ಲೇ ಕೂಗುತ್ತಾರೆ. ಕಳೆದ ವರ್ಷ ಆ ಹೊತ್ತಿಗೆ ನೀವು ಲಾಡ್ಜಿನಲ್ಲಿದ್ದಿರಿ.

ಭಾಷೆಯ ಅಳುಕನ್ನು ಬಿಟ್ಟುಬಿಡಿ. ಪಾಲಖಿಯ ಮುಂದೆ ಓಡುವ ಮಾನದ ಕುದುರೆಗಳೇ ನಮ್ಮ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಮನೆತನದವು. ಪ್ರತಿವರ್ಷ ಅಲ್ಲಿಂದ ಆಳಂದಿಗೆ ನಡೆದುಕೊಂಡೇ ಹೋಗುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಬರುವವರಲ್ಲಿ ಕನ್ನಡ ಮರಾಠಿಗಳನ್ನು ಬೆರೆಸಿ ಆಡುವವರೇ ಬಹಳ. ಎಲ್ಲರೂ ಎಲ್ಲರನ್ನೂ ‘ಮಾವುಲಿ’ ಎಂದೇ ಕರೆಯುವುದರಿಂದ ಹೆಸರು ಮರೆತರೂ ನಡೆಯುತ್ತದೆ. ಸಂಜೆ ಹಾಡುವ ಹರಿಪಾಠದ ಅಭಂಗಗಳನ್ನು ಮಾತ್ರ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಮೊದಲೇ ರೂಢಿ ಮಾಡಿಕೊಳ್ಳಿ. ದಿಂಡಿಗೆ ಪ್ರವೇಶ ಪರಿಚಯದಿಂದಲೇ ಸಿಗುವುದು, ಹೊರಡುವ ದಿನ ಆಳಂದಿಯಲ್ಲಿ ಹೋಗಿ ಕೇಳಿದರೆ ಕಷ್ಟ. ನಿಮ್ಮ ಊರಿನ ಅಥವಾ ಬೆಳಗಾವಿ, ನಿಪ್ಪಾಣಿ ಕಡೆಯ ವಿಠ್ಠಲ ಮಂದಿರಗಳಲ್ಲಿ ಏಕಾದಶಿಯ ಭಜನೆಗೆ ಈಗಿನಿಂದ ಹೋಗತೊಡಗಿದರೆ, ಆಷಾಢ ಬರುವ ಹೊತ್ತಿಗೆ ನಿಮ್ಮ ಅಕ್ಕಪಕ್ಕ ನಡೆಯುವವರ ಮುಖ ಪರಿಚಯವಾಗಿರುತ್ತದೆ.

ಪತ್ನಿಯ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ವಾರಿ ದುಃಖಕ್ಕೆ ಔಷಧವೆಂದು ನಾನು ಭರವಸೆ ಕೊಡುವುದಿಲ್ಲ. ತೀರಿಹೋದವರ ಹೆಸರಿನಲ್ಲಿ ನಡೆಯುವವರು ದಿಂಡಿಯಲ್ಲಿ ಅನೇಕರಿರುತ್ತಾರೆ, ಅಭಂಗದ ನಡುವೆ ಅಳುವವರನ್ನು ಯಾರೂ ಕಾರಣ ಕೇಳುವುದಿಲ್ಲ; ಅಷ್ಟು ಮಟ್ಟಿಗೆ ಅದು ಒಳ್ಳೆಯ ಜಾಗ. ಆದರೆ ಮನೆಯಲ್ಲಿಯೂ ವಾರಗಟ್ಟಲೆ ನಿದ್ದೆ ಬಾರದೆ, ಊಟ ರುಚಿಸದೆ, ಯಾವುದರಲ್ಲೂ ಆಸಕ್ತಿ ಹುಟ್ಟದೆ ಇದ್ದರೆ ಆಷಾಢದವರೆಗೆ ಕಾಯಬೇಡಿ. ನಿಮ್ಮೂರಿನಲ್ಲೇ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ, ಹೋಗಿ ಮಾತನಾಡಿ ಬನ್ನಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ದಿಂಡಿಯ ಜೊತೆ ಆಳಂದಿಯಿಂದ ಪೂರ್ತಿ ನಡೆಯುವುದು ಮೊದಲನೆಯದು. ಇದಕ್ಕೆ ಕಾಲಿನ ಪರೀಕ್ಷೆ ಸರಿಯಿರಬೇಕು. ಎರಡು ಮೂರು ತಿಂಗಳ ಅಭ್ಯಾಸವೂ ಬೇಕು, ಅದರಲ್ಲಿ ಒಂದರ ಹಿಂದೊಂದು ಎರಡು ದಿನ ಹದಿನೈದು ಕಿಲೋಮೀಟರ್ ನಡೆದು ನೋಡಿರಬೇಕು. ಧಾರವಾಡದಲ್ಲಿ ಮುಂಗಾರು ಹಿಡಿದ ಮೇಲೆ ಅದೇ ಸ್ಯಾಂಡಲ್ ಹಾಕಿ ಬೇಕೆಂದೇ ನೆನೆದು ನಡೆಯಿರಿ. ಆದರೂ ಮೊದಲ ವರ್ಷವೇ ಇದನ್ನು ನಾನು ಸೂಚಿಸುವುದಿಲ್ಲ. ಸಾಸವಡದಲ್ಲಿ ದಿಂಡಿಯನ್ನು ಕೂಡಿಕೊಂಡು ಮುಂದೆ ನಡೆಯುವುದು ನಿಮಗೆ ಹೆಚ್ಚು ಸರಿಯೆನ್ನಿಸುತ್ತದೆ: ಉದ್ದದ ನಡಿಗೆಗಳು ತಪ್ಪುತ್ತವೆ, ನೀವು ನಿಲ್ಲಿಸಿದ್ದಲ್ಲಿಂದಲೇ ಶುರುವಾಗುತ್ತದೆ, ಚಾಂದೋಬಾಚಾ ಲಿಂಬ್ ಎಂಬಲ್ಲಿ ಕುದುರೆ ಓಡುವ ಮೊದಲ ರಿಂಗಣವೂ ಸಿಗುತ್ತದೆ. ಇದರ ತೊಡಕೆಂದರೆ, ಆಗಲೇ ನಾಲ್ಕೈದು ದಿನ ಕೂಡಿ ನಡೆದವರ ನಡುವೆ ಒಂದೆರಡು ದಿನ ನೀವು ಹೊಸಬರು. ಭಜನೆಯ ಪರಿಚಯ ಇಲ್ಲಿ ನೆರವಾಗುತ್ತದೆ. ಕಾಲಿನ ಸ್ಪರ್ಶ ಕುಂದಿದ್ದರೆ ವಾಖರಿಯಿಂದ ಪಂಢರಪುರದವರೆಗಿನ ಕೊನೆಯ ಕೆಲವು ಕಿಲೋಮೀಟರ್ ಮಾತ್ರ ನಡೆಯಬಹುದು. ಅಂದು ಅಲ್ಲಿ ಎಲ್ಲ ಪಾಲಖಿಗಳ ಜನ ಸೇರುವುದರಿಂದ ದಾರಿ ಚಿಕ್ಕದಾದರೂ ಒತ್ತು ಬಹಳ. ಮಳೆಯೇ ಬೇಡವೆಂದರೆ ಕಾರ್ತಿಕದ ವಾರಿಯಿದೆ. ಉತ್ತರ ಕರ್ನಾಟಕದಿಂದ ಆಗಲೂ ದಿಂಡಿಗಳು ಹೊರಡುತ್ತವೆ, ಹವೆ ತಂಪು. ಮತ್ತೆ ರಸ್ತೆಯ ಬದಿಯಲ್ಲಿ ಒಬ್ಬರೇ ನಡೆಯುವುದನ್ನು ಮಾತ್ರ ನಾನು ವೈದ್ಯನಾಗಿಯೂ ಒಪ್ಪುವುದಿಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿಂಡಿಯ ಟ್ರಕ್ಕಿನಲ್ಲಿ ಗಂಟು ಹಾಕಿಬಿಟ್ಟರೆ ಮುಗಿಯಿತೆಂದುಕೊಳ್ಳಬೇಡಿ. ಮಳೆಯ ದಿನ ಟ್ರಕ್ಕು ಕೆಸರಿನಲ್ಲಿ ಹೂತು ನಡುರಾತ್ರಿಗೆ ಬರುವುದುಂಟು. ಹೆಗಲ ಚೀಲದಲ್ಲಿ ಪ್ಲಾಸ್ಟಿಕ್ಕಿನೊಳಗೆ ಒಂದು ಜೊತೆ ಒಣ ಬಟ್ಟೆ, ಕಾಲುಚೀಲ, ಎರಡು ದಿನದ ಗುಳಿಗೆ, ವೈದ್ಯರ ಚೀಟಿ ಇರಲೇಬೇಕು. ಸಾಲಿನಲ್ಲಿ ಕೊಡೆ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ, ಪ್ಲಾಸ್ಟಿಕ್ ಕೊಪ್ಪೆ ಮೇಲು. ಮಗಳಿಗೆ ದಿಂಡಿಯ ಸಂಖ್ಯೆ, ದಿಂಡಿ ಪ್ರಮುಖರ ಫೋನು, ದಿನದಿನದ ಬಿಡಾರದ ಊರುಗಳ ಪಟ್ಟಿ ಇಷ್ಟನ್ನು ಕೊಟ್ಟು, ಸಂಜೆ ಒಂದು ಗೊತ್ತಾದ ಹೊತ್ತಿಗೆ ಕರೆ ಮಾಡುತ್ತೇನೆಂದು ಹೇಳಿ. ಯಾವುದಾದರೂ ಗಾಯ ಕಪ್ಪಾದರೆ, ಪಾದ ಬಿಸಿಯಾಗಿ ಊದಿದರೆ, ಜ್ವರ ಬಂದರೆ ಅಂದೇ ನಡಿಗೆ ನಿಲ್ಲಿಸುತ್ತೇನೆಂಬ ಮಾತನ್ನೂ ಕೊಡಿ. ಮಗಳ ಭಯ ಅಕಾರಣವಾದುದಲ್ಲ.

ಪಂಢರಪುರದಲ್ಲಿ ಏಕಾದಶಿಯ ಹಿಂದುಮುಂದೆ ಪದಸ್ಪರ್ಶ ದರ್ಶನದ ಸರದಿ ಬಹಳ ದೀರ್ಘ, ಸಕ್ಕರೆ ಕಾಯಿಲೆಯವರಿಗೆ ಹೇಳಿದ್ದಲ್ಲ. ಬಹಳ ವಾರಕರಿಗಳು ಗುಡಿಯ ಬಾಗಿಲಿನ ಮೆಟ್ಟಿಲಾದ ನಾಮದೇವ ಪಾಯರಿಗೆ ತಲೆಬಾಗಿ, ಶಿಖರ ಕಂಡು, ಸಾರ್ಥಕವಾಯಿತೆಂದು ಮರಳುತ್ತಾರೆ. ಅದರಲ್ಲಿ ಕೊರತೆಯೇನೂ ಇಲ್ಲ. ಮೇಲಿನ ಉಜನಿ ಜಲಾಶಯದಿಂದ ನೀರು ಬಿಟ್ಟಿದ್ದರೆ ಅಲ್ಲಿನ ನದಿ ಚಂದ್ರಭಾಗೆಯ ಸೆಳವು ಜೋರಿರುತ್ತದೆ, ಮೆಟ್ಟಿಲಿನ ಮೇಲೇ ನೀರು ಚಿಮುಕಿಸಿಕೊಳ್ಳಿ.

ನೀವು ಕೇಳದ ಒಂದು ವಿಷಯ ಉಳಿದಿದೆ. ಇಷ್ಟು ದಿನ ಜನರ ನಡುವೆ ಇದ್ದು ಖಾಲಿ ಮನೆಗೆ ಮರಳಿದಾಗ ಮೊದಲಿಗಿಂತ ಹೆಚ್ಚು ಬೇಸರ ಕವಿಯುವುದನ್ನು, ಅದರಲ್ಲೂ ಒಬ್ಬರೇ ಇರುವ ಹಿರಿಯರಲ್ಲಿ, ನಾನು ಚಿಕಿತ್ಸಾಲಯದಲ್ಲಿ ಪ್ರತಿವರ್ಷ ಕಾಣುತ್ತೇನೆ. ಏಕಾದಶಿಯ ಮರುದಿನವೇ ಓಡಿ ಬರಬೇಡಿ. ದಿಂಡಿಯವರು ಹುಣ್ಣಿಮೆಯಂದು ಪ್ರಸಾದ ಹಂಚಿಕೊಳ್ಳುವ ಗೋಪಾಳಕಾಲಾ ಮುಗಿಸಿ ಹೊರಡುವುದಾದರೆ ಅವರ ಜೊತೆಗೇ ಹೊರಡಿ, ಮೀರಜದವರೆಗೆ ಒಂದೇ ರೈಲಿನಲ್ಲಿ ಬನ್ನಿ, ಮುಂದಿನ ಏಕಾದಶಿಯ ಭಜನೆ ಯಾರ ಊರಿನಲ್ಲಿ ಎಂಬುದನ್ನು ಆ ರೈಲಿನಲ್ಲೇ ಗೊತ್ತು ಮಾಡಿಕೊಳ್ಳಿ. ಮಗಳನ್ನು ಆ ವಾರ ಧಾರವಾಡಕ್ಕೆ ಕರೆಸಿಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಸದ್ಯಕ್ಕೆ ಪಾದದ ಪರೀಕ್ಷೆ ಮಾಡಿಸಿ, ಗುಳಿಗೆಯ ಹೆಸರಿನೊಂದಿಗೆ ಅದರ ಫಲಿತಾಂಶವನ್ನು ಬರೆದು ತಿಳಿಸಿ. ಪೂರ್ತಿ ನಡೆಯಬಹುದೇ, ಸಾಸವಡದಿಂದಲೇ ಎಂಬುದನ್ನು ಅದರ ಮೇಲೆ ಹೇಳುತ್ತೇನೆ.